ಶಿವನಂಜೇಗೌಡರ ಡಿಜಿಟಲ್ ಲೈಬ್ರರಿ

ನಮ್ಮ ದುದ್ದದ ಕಡೆಯ ನಾಲೆ ಎಂಜಿನಿಯರ್ ಶಿವನಂಜೇಗೌಡರು ತಜ್ಞರು ಓದಿ ಒಪ್ಪದ ಯಾವುದನ್ನೂ ನಂಬುವವರಲ್ಲ. ಕಾಫಿಗೆ ಬೆಲ್ಲ ಸಾಕೇ ಎಂದು ಕೇಳಿದರೂ ಅದಕ್ಕೊಂದು ಸಂಶೋಧನೆ ಹುಡುಕುವ ಆಸಾಮಿ. ಗೂಗಲ್ ಎಂದರೆ ಮೂಗು ಮುರಿಯುತ್ತಾರೆ, ಯೂಟ್ಯೂಬ್ ಎಂದರೆ ಎದ್ದೇ ಹೋಗುತ್ತಾರೆ. ಅವರದೇನಿದ್ದರೂ ಸಂಶೋಧನಾ ಪ್ರಬಂಧಗಳ ಡಿಜಿಟಲ್ ಲೈಬ್ರರಿ. ಅಲ್ಲೂ ಮತ್ತೊಬ್ಬ ವಿದ್ವಾಂಸ ತನ್ನ ಬರಹದಲ್ಲಿ ಉಲ್ಲೇಖಿಸದ ಪ್ರಬಂಧವನ್ನು ಲೆಕ್ಕಕ್ಕೇ ಇಡುವುದಿಲ್ಲ. ನಾಲೆಯ ಪಕ್ಕದ ಗದ್ದೆಯ ಅಂಕಮ್ಮ ಬಂದು, “ಸಾಮಿ, ಏರಿ ಸೋರ್ತಾ ಅದೆ, ನನ್ ಪೈರೆಲ್ಲಾ ಕೊಳೀತದೆ” ಎಂದು ಬಾಯಿ ಬಡಿದುಕೊಂಡರೆ, “ಇರವ್ವ, ಹಾಲೆಂಡಿನೋರು ಏನ್ ಮಾಡವ್ರೆ ನೋಡ್ಬುಡ್ತೀನಿ” ಎನ್ನುತ್ತಾರೆ. ಹಾಲೆಂಡಿನ ಏರಿಗಳೆಲ್ಲ ಇವರಿಗೆ ಬಾಯಿಪಾಠ; ದುದ್ದದ ಏರಿಯ ಓದು ಮಾತ್ರ ಇನ್ನೂ ಮುಗಿದಿಲ್ಲ. ಮೊನ್ನೆ ಕಿರಿಯ ಎಂಜಿನಿಯರ್ ರಂಜಿತ, “ಸಾರ್, ನಮ್ ಏರಿ ಸೋರೋದ್ರ ಮೇಲೇ ಒಂದು ಪ್ರಬಂಧ ಸಿಕ್ತು” ಎಂದು ಲ್ಯಾಪ್‌ಟಾಪ್ ಹಿಡಿದು ಓಡಿಬಂದಳು. “ಅದುನ್ನ ಒಬ್ರೂ ಉಲ್ಲೇಖ ಮಾಡಿಲ್ಲ, ನಂಬಕ್ಕಾಗಲ್ಲ, ಬುಡಮ್ಮ” ಎಂದರು ಗೌಡರು, ಪರದೆಯ ಕಡೆ ತಿರುಗದೆಯೇ. “ಬರ್ದಿರೋರು ನೀವೇ ಅಲ್ವಾ ಸಾರ್!” “ಗೊತ್ತು ಕಣಮ್ಮ. ಯಾರಾದ್ರೂ ಉಲ್ಲೇಖ ಮಾಡವ್ರಾ ಅಂತ ದಿನಾ ಬೆಳಿಗ್ಗೆ ನೋಡ್ತೀನಲ್ಲ.”