ಸುಗುಣಾ ಅಕ್ಕೋರು ಆಣಿ ಮಾಡಲಿಲ್ಲ

ಡಾಂಬರ್ ಗುಳಿಗಿಯ ವಾಸನೆ ಬಂದರೆ ಎಲ್ಲರಿಗೂ ಮಡಿಚಿಟ್ಟ ರೇಷ್ಮೆ ಸೀರೆ, ಉಣ್ಣೆಯ ಸ್ವೆಟರು ನೆನಪಾಗುತ್ತವೆ. ನನಗೆ ಬೈಬಲ್ ನೆನಪಾಗುತ್ತದೆ. ನಗಬೇಡಿರಿ. ಯರಗುಪ್ಪಿಯ ನಮ್ಮ ಮಾಳಿಗೆ ಮನೆಯ ಪಡಸಾಲೆಗೆ ಹತ್ತಿಕೊಂಡೇ ಒಂದು ಸಣ್ಣ ಖೋಲಿ ಇತ್ತು. ಎಂಬತ್ತರ ದಶಕದ ನಡುವಿನ ಆರೇಳು ವರ್ಷ ಅದರಲ್ಲಿ ನಮ್ಮ ಶಾಲೆಯ ಸುಗುಣಾ ಅಕ್ಕೋರು ಬಾಡಿಗೆಗಿದ್ದರು. ಅವರ ಟ್ರಂಕಿನ ಮುಚ್ಚಳ ಕಿರ್ರೆಂದು ತೆರೆಯಿತೆಂದರೆ ಮೊದಲು ಆ ಗುಳಿಗಿಯ ವಾಸನೆ ಮೂಗಿಗೆ ಬಡಿಯುತ್ತಿತ್ತು. ಆಮೇಲೆ ನೀಟಾಗಿ ಮಡಿಚಿಟ್ಟ ನಾಲ್ಕು ಸೀರೆ, ಅವುಗಳ ಮೇಲೆ ಕರೇ ರಟ್ಟಿನ ಆ ಬುಕ್ಕು. ಅದರ ಹಾಳೆಗಳು ಉಳ್ಳಾಗಡ್ಡಿ ಸಿಪ್ಪೆಯಷ್ಟು ತೆಳ್ಳಗಿದ್ದವು. ಮೊದಲ ಸಲ ಮುಟ್ಟಿದಾಗ ಎಲ್ಲಿ ಹರಿದು ಹೋಗುತ್ತದೋ ಎಂದು ಹೆದರಿ ಕೈ ಹಿಂದಕ್ಕೆ ತೆಗೆದುಕೊಂಡಿದ್ದೆ. ಅಕ್ಕೋರು ನಕ್ಕು, "ಹರಿಯೂದಿಲ್ಲ, ಮುಟ್ಟು. ನಮ್ಮ ಅಜ್ಜಿ ಕಾಲದ್ದು ಅದು" ಎಂದಿದ್ದರು.

ಅವರು ಹುಬ್ಬಳ್ಳಿ ಕಡೆಯವರು. ನಮ್ಮೂರಿಗೆ ವರ್ಗವಾಗಿ ಬಂದಾಗ ಕಿರಸ್ತಾನರು ಎಂದು ಗೊತ್ತಾಗಿ ಯಾರೂ ಮನೆ ಕೊಡಲಿಲ್ಲ. ದಿನಾ ಬಸ್ಸಿನಲ್ಲಿ ಬಂದು ಹೋಗುವುದೆಂದರೆ ಮಳೆಗಾಲದ ಎರೆಮಣ್ಣಿನ ರಸ್ತೆ ಕೇಳಬೇಕಲ್ಲ. ಬಸ್ಸು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಆಗ ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಮನೆಯ ಯಜಮಾನನಾದ ದೊಡ್ಡಪ್ಪನ ಮುಂದೆ ನಿಂತು, "ನಮ್ಮ ಹುಡುಗೋರಿಗೆ ಅಕ್ಷರ ಕಲಸಾಕ ಬಂದಾಕಿ ಬಸ್‌ಸ್ಟ್ಯಾಂಡಿನ್ಯಾಗ ಮಲಗಬೇಕೇನಲೇ?" ಎಂದು ಕೇಳಿದಳು. ದೊಡ್ಡಪ್ಪ ಮುಖ ಗಂಟು ಹಾಕಿಕೊಂಡೇ ಹೂಂ ಅಂದ. ಅವನಿಗೆ ಮನಸ್ಸಿರಲಿಲ್ಲ, ಆದರೆ ಆಯಿಯ ಮಾತು ದಾಟುವ ಗಂಡಸು ಆ ಮನೆಯಲ್ಲಿ ಹುಟ್ಟಿರಲಿಲ್ಲ.

ನಾವು ಲಿಂಗವಂತರು. ದೇವರ ಹೆಸರಿರುವ ಪುಸ್ತಕ ಯಾವುದೇ ಇರಲಿ, ಅದನ್ನು ಕಣ್ಣಿಗೆ ಒತ್ತಿಕೊಂಡು ವಿಭೂತಿ ಹಚ್ಚುವುದು ನಮ್ಮ ಮನೆಯ ರೂಢಿ. ಅಕ್ಕೋರು ಬಂದ ಮೊದಲನೇ ಸೋಮವಾರ ಆಯಿ ಖೋಲಿ ಕಸ ಹೊಡೆಯಲು ಹೋದವಳು, ಮೇಜಿನ ಮೇಲಿದ್ದ ಆ ಕರೇ ರಟ್ಟಿನ ಮೇಲೆ ಮೂರು ಬೆರಳಿನಿಂದ ಅಗದಿ ದಪ್ಪಗೆ ವಿಭೂತಿ ಎಳೆದು, ಮೇಲೊಂದು ಪತ್ರಿ ಏರಿಸಿ ಬಂದುಬಿಟ್ಟಳು. ಸಾಲಿ ಬಿಟ್ಟು ಬಂದ ಅಕ್ಕೋರು ಆ ಪತ್ರಿಯನ್ನು ಎತ್ತಿ ಕಿಟಕಿಯಲ್ಲಿಟ್ಟರು. ನಾನು ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ಆಮೇಲೆ ಹೊರಗೆ ಬಂದು ಮೆಲ್ಲಗೆ, "ಆಯಿ, ನಮ್ಮಾಗ ಹಿಂಗ ಮಾಡೂದಿಲ್ರೀ" ಎಂದರು. ಆಯಿ ಅಷ್ಟೇ ಆರಾಮಾಗಿ, "ನಿಮ್ಮಾಗ ಇಲ್ಲಾಂದ್ರ ನೀವ ಮಾಡಬ್ಯಾಡ್ರಿ. ನಮ್ಮಾಗ ಮಾಡ್ತೇವಿ" ಎಂದಳು. ಅಲ್ಲಿಂದ ಮುಂದೆ ಪ್ರತಿ ಸೋಮವಾರ ಆಯಿ ಹಚ್ಚುವಳು, ಪ್ರತಿ ಶನಿವಾರ ಅಕ್ಕೋರು ಹಸಿ ಅರಿವೆಯಿಂದ ಒರೆಸುವರು. ಇಬ್ಬರೂ ಇನ್ನೊಬ್ಬರನ್ನು ಬೇಡ ಅನ್ನಲಿಲ್ಲ.

ಸಂಜೆ ಕಟ್ಟೆಯ ಮೇಲೆ ಆಯಿ ಜೋಳ ಹಸನು ಮಾಡುತ್ತ ಕೂತಾಗ ಅಕ್ಕೋರು ಬುಕ್ಕು ಓದಿ ಹೇಳುತ್ತಿದ್ದರು. ಆಯಿಗೆ ಓದಲು ಬರುತ್ತಿರಲಿಲ್ಲ, ಆದರೆ ಪುರಾಣ ಕೇಳಿ ಕೇಳಿ ಕಿವಿ ಪಳಗಿತ್ತು. ಸಮುದ್ರ ಎರಡು ಹೋಳಾಗಿ ಜನ ನಡೆದು ಹೋದ ಕತೆ ಬಂದಾಗ ಮೊರ ಕೆಳಗಿಟ್ಟು, "ಅಯ್ಯ ನಮ್ಮವ್ವಾ! ಮಳಿಗಾಲದಾಗ ನಮ್ಮೂರ ಹಳ್ಳನ ನಮಗ ದಾರಿ ಬಿಡವಲ್ದು, ಸಮುದ್ರ ಬಿಟ್ಟಿತಂತ!" ಎಂದು ಬಿದ್ದು ಬಿದ್ದು ನಕ್ಕಳು. ಆಸ್ತಿಯೆಲ್ಲ ಹಾಳು ಮಾಡಿ ಹಂದಿ ಕಾಯ್ದು ಬಂದ ಮಗನನ್ನು ತಂದೆ ಓಡಿ ಹೋಗಿ ತಬ್ಬಿಕೊಂಡ ಕತೆಗೆ ಮಾತ್ರ ಸೆರಗಿನಿಂದ ಕಣ್ಣೊರೆಸಿಕೊಂಡು, "ಇದು ಖರೇ ಐತ್ರಿ, ಅಕ್ಕೋರ" ಎಂದಳು. ಅಕ್ಕೋರು, "ನಿಮಗ ಬೇಕಾದ್ದನ್ನಷ್ಟ ಆರಿಸಿಕೋತೀರಿ, ಆಯಿ, ಜೋಳ ಹಸನ ಮಾಡಿಧಂಗ" ಎಂದು ಕಾಡಿಸುತ್ತಿದ್ದರು. "ಮತ್ತ ಕಲ್ಲು ಹಳ್ಳು ಸೈತ ನುಂಗಂತೀರೇನು?" ಎಂದು ಆಯಿ. ಒಂದು ದಿನ ನೇರ ಕೇಳಿಯೇಬಿಟ್ಟಳು: "ದೇವರ ಖುದ್ದ ಬಂದು ಇದನ್ನ ಬರದಾನೇನ್ರಿ?" ಅಕ್ಕೋರು, "ಬರದವರು ಮನಶ್ಯಾರ ರೀ. ಬರಿಸಿದಾಂವ ದೇವರು ಅಂತ ನಾ ನಂಬೀನಿ. ನಿಮಗ ತೋರಿಸಿಕೊಡು ಅಂದ್ರ ನನ್ನ ಕಡಿಂದ ಆಗೂದಿಲ್ಲ" ಎಂದರು. ಆಯಿಗೆ ಆ ಉತ್ತರ ಮನಸ್ಸಿಗೆ ಬಂತೆಂದು ಕಾಣುತ್ತದೆ, ಮತ್ತೆ ಕೇಳಲಿಲ್ಲ.

ಅಕ್ಕೋರು ಬಂದ ಮೂರನೆಯ ವರ್ಷ ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ನನ್ನ ತಮ್ಮ ಈರಣ್ಣನಿಗೆ ಜ್ವರ ಬಂತು. ಅವನಿಗೆ ಐದು ವರ್ಷ, ನನಗೆ ಹತ್ತು. ಮಧ್ಯಾಹ್ನದ ಹೊತ್ತಿಗೆ ಮೈ ಕೆಂಡವಾಗಿ ಕಣ್ಣು ಮೇಲೆ ಮಾಡತೊಡಗಿದ. ಅಪ್ಪ ಡಾಕ್ಟರನ್ನು ಕರೆತರಲು ಸಂಶಿಗೆ ಚಕ್ಕಡಿ ಹೊಡೆದುಕೊಂಡು ಹೋಗಿದ್ದ. ಅವ್ವ ಒಲೆಯ ಮುಂದೆ ಕಷಾಯ ಕುದಿಸುತ್ತ ಅಳುತ್ತಿದ್ದಳು. ಸಾಲಿಯಿಂದ ಓಡಿಬಂದ ಅಕ್ಕೋರು ಅವನ ಅಂಗಿ ಬಿಚ್ಚಿ ತಣ್ಣೀರಿನಲ್ಲಿ ಅರಿವೆ ಅದ್ದಿ ಹಣೆಗಿಟ್ಟರು. ಎದೆ ಒರೆಸಲು ಹೋದವರು ಥಟ್ಟನೆ ನಿಂತರು. ಅವನ ಕೊರಳಲ್ಲಿ ಬೆಳ್ಳಿಯ ಕರಡಿಗೆಯಲ್ಲಿ ಇಷ್ಟಲಿಂಗವಿತ್ತು. ಹುಟ್ಟಿದಾಗ ಕಟ್ಟಿದ್ದು, ಸಾಯುವ ತನಕ ಮೈಯಿಂದ ದೂರ ಮಾಡುವ ಹಾಗಿಲ್ಲ. ಅಕ್ಕೋರು ನನ್ನ ಕಡೆ ತಿರುಗಿ, "ನೀಲಾ, ಇದನ್ನ ನಿನ್ನ ಅಂಗೈಯಾಗ ಹಿಡಕೋ. ಕೊರಳಿಂದ ತಗೀಬ್ಯಾಡ. ನಾ ಮುಟ್ಟೂದಿಲ್ಲ" ಎಂದರು. ನಾನು ಎರಡೂ ಕೈಯಲ್ಲಿ ಅದನ್ನು ಹಿಡಿದು ಕೂತೆ. ಅವರು ಒರೆಸುತ್ತ ಒರೆಸುತ್ತ ಕಣ್ಣು ಮುಚ್ಚಿ ತಮ್ಮ ದೇವರನ್ನು ಕೇಳಿಕೊಂಡರು. ತುಟಿ ಮಾತ್ರ ಅಲುಗುತ್ತಿದ್ದವು. ಡಾಕ್ಟರು ಬಂದು ಸೂಜಿ ಚುಚ್ಚುವಷ್ಟರಲ್ಲಿ ಜ್ವರ ಅರ್ಧ ಇಳಿದಿತ್ತು.

ಇಷ್ಟೇ ಆದದ್ದು. ಆದರೆ ನನ್ನ ನಾಲಿಗೆಗೆ ಇಷ್ಟು ಸಾಲಬೇಕಲ್ಲ! ಮರುದಿನ ಕೆರೆಯ ದಂಡೆಯಲ್ಲಿ ಗೆಳತಿಯರ ಮುಂದೆ ಜಂಬ ಕೊಚ್ಚಿದೆ. ನಮ್ಮ ಅಕ್ಕೋರು ತಮ್ಮ ಬುಕ್ಕನ್ನು ಈರಣ್ಣನ ಎದೆಯ ಮೇಲಿಟ್ಟರು, ಮಂತ್ರ ಹೇಳಿ ನೀರು ಹಾಕಿದರು, ಜ್ವರ ಹಾರಿಹೋಯಿತು ಎಂದೆ. ಬುಕ್ಕು ಟ್ರಂಕಿನಿಂದ ಹೊರಗೇ ಬಂದಿರಲಿಲ್ಲ, ನೋಡಿರಿ! ಅದಕ್ಕೆ ಎಂಥ ಶಕ್ತಿ ಇದೆ ಎಂದು ತೋರಿಸುವ ಹುಚ್ಚು ನನಗೆ. ಅದನ್ನು ಕೇಳಿದ ಹೆಂಗಸರು ಕೊಡದ ಜೊತೆಗೆ ನನ್ನ ಮಾತನ್ನೂ ಹೊತ್ತುಕೊಂಡು ಮನೆಮನೆಗೆ ಹೋದರು. ಎರಡೇ ದಿನದಲ್ಲಿ ಅದು, ಅಕ್ಕೋರು ಹುಡುಗನ ಲಿಂಗ ತೆಗೆದು, ನೀರು ಹಾಕಿ, ಜಾತಿ ಕೆಡಿಸಿದರು ಎಂದಾಗಿ ನಮ್ಮ ದೊಡ್ಡಪ್ಪನ ಕಿವಿಗೆ ಬಿತ್ತು.

ಭಾನುವಾರ ಮುಂಜಾನೆ ಪಡಸಾಲೆಯಲ್ಲಿ ಓಣಿಯ ಐದಾರು ಹಿರಿಯರು ಕೂತರು. ಹುಬ್ಬಳ್ಳಿಯ ಚರ್ಚಿಗೆ ಹೊರಟಿದ್ದ ಅಕ್ಕೋರು ಚೀಲ ಹಿಡಿದು ಖೋಲಿಯ ಬಾಗಿಲಲ್ಲೇ ನಿಂತುಬಿಟ್ಟರು. ದೊಡ್ಡಪ್ಪನ ವಿಷಯ ನಿಮಗೆ ಹೇಳಬೇಕು. ಅವನು ಮಾತಿಗೊಂದು ಆಣಿ-ಪ್ರಮಾಣ ಮಾಡುವ ಮನುಷ್ಯ. ಎತ್ತು ಮಾರುವಾಗ ಭೂಮಿತಾಯಿ ಆಣಿ, ಜಗಳದಲ್ಲಿ ಲಿಂಗದ ಆಣಿ, ಚಹಾ ಕುಡಿದಿಲ್ಲ ಎನ್ನುವುದಕ್ಕೂ ಮಠದ ಗದ್ದುಗೆಯ ಆಣಿ. ನಮ್ಮ ಕಡೆ ತಂಟೆ ಬಗೆಹರಿಯುವುದೇ ಹಾಗೆ. ಆಣಿ ಮಾಡಿದರೆ ಮುಗಿಯಿತು, ಮೇಲೆ ಯಾರೂ ಮಾತಾಡುವಂತಿಲ್ಲ. ಅವನು, "ನಿಮ್ಮ ಬುಕ್ಕ ತರ್ರಿ. ಅದರ ಮ್ಯಾಲ ಕೈ ಇಟ್ಟು, ಜಾತಿ ಕೆಡಿಸಿಲ್ಲಾ ಅಂತ ಆಣಿ ಮಾಡ್ರಿ. ಇಲ್ಲಾ, ಸಂಜೀ ಒಳಗ ಖೋಲಿ ಖಾಲಿ ಮಾಡ್ರಿ" ಎಂದ. ಅಪ್ಪನ ಮುಖ ಹಗುರಾಯಿತು. ಇಷ್ಟೇ ತಾನೆ ಎಂದು ನಮಗೆಲ್ಲ ಅನ್ನಿಸಿತು.

ಅಕ್ಕೋರು ಚೀಲದಿಂದ ಬುಕ್ಕು ತೆಗೆದರು. ಅದನ್ನು ಎದೆಗೆ ಅವುಚಿಕೊಂಡು ನಿಂತರೇ ಹೊರತು ಕೈ ಇಡಲಿಲ್ಲ. "ಆಣಿ ಮಾಡಾಕ ಬರೂದಿಲ್ರೀ" ಎಂದರು. "ಯಾವ ಆಣೀನೂ ಮಾಡಬ್ಯಾಡ ಅಂತ ಇದರಾಗನ ಐತ್ರಿ. ಹೌದ ಇದ್ರ ಹೌದ ಅನ್ನು, ಅಲ್ಲ ಇದ್ರ ಅಲ್ಲ ಅನ್ನು ಅಂತ ಐತಿ. ನಾ ಜಾತಿ ಕೆಡಿಸಿಲ್ಲ. ಲಿಂಗ ಮುಟ್ಟಿಲ್ಲ. ದೇವರನ್ನ ಕೇಳಿಕೊಂಡದ್ದು ಖರೇ." ಪಡಸಾಲೆಯಲ್ಲಿ ಗದ್ದಲ ಎದ್ದಿತು. ಕೇಳಿಕೊಂಡದ್ದನ್ನು ಒಪ್ಪಿದಳು ಎಂದು ಒಬ್ಬ, ಆಣಿಗೆ ಹೆದರಿದಳೆಂದರೆ ತಪ್ಪು ಮಾಡಿದಂತೆಯೇ ಎಂದು ಇನ್ನೊಬ್ಬ. ಈ ಮನೆ ಬಿಟ್ಟರೆ ಊರಲ್ಲಿ ಅವರಿಗೆ ಇನ್ನೊಂದು ಖೋಲಿ ಸಿಗುವುದಿಲ್ಲ, ಖೋಲಿ ಇಲ್ಲದಿದ್ದರೆ ನಮ್ಮ ಸಾಲಿಯ ನೌಕರಿಯೂ ಇಲ್ಲ ಎಂಬುದು ನನಗೂ ಗೊತ್ತಿತ್ತು. ಅಕ್ಕೋರು ಒಮ್ಮೆ, ಒಂದೇ ಒಂದು ಸಲ, ನನ್ನ ಕಡೆ ನೋಡಿದರು. ಸುದ್ದಿ ಎಲ್ಲಿ ಹುಟ್ಟಿತೆಂದು ಅವರಿಗೆ ತಿಳಿದಿತ್ತು. ಬೆರಳು ಮಾಡಿ ತೋರಿಸಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಅವರು ತೋರಿಸಲಿಲ್ಲ.

ನಾನು ಅಳುತ್ತಲೇ ನಡುವೆ ಹೋಗಿ ನಿಂತೆ. "ಲಿಂಗ ನನ್ನ ಕೈಯಾಗ ಇತ್ತು, ದೊಡ್ಡಪ್ಪಾ. ತಗೀಬ್ಯಾಡ ಅಂತ ಅಕ್ಕೋರ ಹೇಳಿದ್ರು. ಬುಕ್ಕ ಇಟ್ರು ಅಂತ ನಾನ ಸುಳ್ಳ ಹೇಳೀನಿ" ಎಂದೆ. ದೊಡ್ಡಪ್ಪನಿಗೆ ನಂಬುವ ಮನಸ್ಸಿರಲಿಲ್ಲ. "ಸಣ್ಣ ಹುಡುಗಿ, ಯಾರೋ ಹೇಳಿಕೊಟ್ಟಾರ" ಎಂದ. ಆಗ ಒಳಗಿನಿಂದ ಆಯಿ ಬಂದು ಕಂಬಕ್ಕೆ ಆತುಕೊಂಡು ನಿಂತಳು. "ಲೇ, ಸುಳ್ಳ ಹೇಳಾಕಿ ಆಗಿದ್ರ ಆಕಿ ಬುಕ್ಕ ಮುಟ್ಟಿ ಒಂದ ಆಣಿ ಒಗದು ಆರಾಮ ಇಲ್ಲೇ ಇರತಿದ್ಲು. ನೀ ದಿನಾ ಎಷ್ಟ ಒಗೀತಿ? ಖೋಲಿ ಹೋದ್ರ ಹೋಗ್ಲಿ, ಬುಕ್ಕಿನ ಮಾತ ಮೀರೂದಿಲ್ಲ ಅನ್ನಾಕತ್ಯಾಳ. ಇಂಥಾಕಿ ಅಲ್ಲ ಅಂದ್ರ ಅಲ್ಲ. ನನಗ ಸಾಕು" ಎಂದಳು. ದೊಡ್ಡಪ್ಪ ಎದ್ದ. ಆಮೇಲೆ ಟವೆಲ್ಲು ಝಾಡಿಸಿ ಹೆಗಲಿಗೆ ಹಾಕಿಕೊಂಡು ಅಪ್ಪನಿಗೆ, "ಅಕ್ಕೋರ ಬಸ್ಸ ತಪ್ಪಿತು. ಚಕ್ಕಡಿ ಹೂಡು, ಸಂಶಿ ತನಕಾ ಬಿಟ್ಟ ಬಾ. ಅಲ್ಲಿ ಇನ್ನೊಂದ ಬಸ್ಸ ಸಿಗತೈತಿ" ಎಂದ. ಅಷ್ಟೇ.

ಸೋಮವಾರ ನಾನು ಖೋಲಿಯ ಬಾಗಿಲಲ್ಲಿ ಬೈಸಿಕೊಳ್ಳಲು ತಯಾರಾಗಿ ನಿಂತೆ. ಅಕ್ಕೋರು ಬೈಯಲಿಲ್ಲ. ಯಾಕೆ ಹಾಗೆ ಹೇಳಿದಿ ಎಂದಷ್ಟೇ ಕೇಳಿದರು. ನಿಮ್ಮ ಬುಕ್ಕಿಗೆ ಶಕ್ತಿ ಐತಿ ಅಂತ ತೋರಿಸಾಕ್ರಿ ಎಂದೆ. ಅವರು ನನ್ನ ಹೆರಳು ಸರಿಮಾಡುತ್ತ, "ಅದು ಖರೇ ಇದ್ರ ಅದಕ್ಕ ನಿನ್ನ ಸುಳ್ಳ ಯಾಕ ಬೇಕು, ನೀಲಾ?" ಎಂದರು. ಹತ್ತು ವರ್ಷದವಳಿಗೆ ಅರ್ಥವಾಗಲಿಲ್ಲ, ನಾಚಿಕೆ ಮಾತ್ರ ಆಯಿತು. ಈಗಲೂ ಒಂದು ಮಾತಿಗೆ ಇನ್ನೊಂದು ಸೇರಿಸಲು ಹೋದಾಗ ನಾಲಿಗೆ ತಡೆಯುತ್ತದೆ.

ಈಗ ಅದ್ಯಾವುದೂ ಇಲ್ಲ. ಅಕ್ಕೋರು ಮತ್ತೆ ಮೂರು ವರ್ಷ ನಮ್ಮಲ್ಲಿದ್ದು ಕಲಘಟಗಿ ಕಡೆ ವರ್ಗವಾಗಿ ಹೋದರು. ಕಾಗದ ಬರುತ್ತಿದ್ದವು, ಆಮೇಲೆ ನಿಂತವು. ಒಂದು ದಿನ ಯಾರೋ ಬಸ್ಸಿನಲ್ಲಿ ಸಿಕ್ಕವರು ಅವರು ತೀರಿಕೊಂಡ ಸುದ್ದಿ ಹೇಳಿದರು. ಆಯಿ ಅದಕ್ಕೂ ಮೊದಲೇ ಹೋಗಿದ್ದಳು. ಖೋಲಿಯ ಗೋಡೆ ಒಂದು ಮಳೆಗಾಲದಲ್ಲಿ ಕುಸಿಯಿತು. ನಿಮ್ಮಲ್ಲಿ ಯಾರ ಮನೆಯ ಗೋಡೆ ಹೀಗೆ ಕುಸಿದಿಲ್ಲ ಹೇಳಿರಿ. ಆ ಬುಕ್ಕು ದೇವರ ಮಾತು ಹೌದೋ ಅಲ್ಲವೋ ಎಂದು ಮಂದಿ ವಾದಕ್ಕೆ ಕೂತಾಗ ನನ್ನನ್ನೂ ಎಳೆಯುತ್ತಾರೆ. ದೊಡ್ಡವಳಾದ ಮೇಲೆ ನಾನೂ ಓದಿದ್ದೇನೆ. ಕೆಲವು ಕಡೆ ಕಣ್ಣು ತುಂಬಿವೆ, ಕೆಲವು ಕಡೆ ಸಿಟ್ಟು ಬಂದಿದೆ, ಸಮುದ್ರದ ಹತ್ತಿರ ಆಯಿಯಂತೆ ನಕ್ಕಿದ್ದೇನೆ. ನನ್ನ ಕೊರಳಲ್ಲಿ ಇವತ್ತಿಗೂ ಲಿಂಗವಿದೆ. ಆದರೆ ಅದೆಲ್ಲ ಬರೀ ಸುಳ್ಳು ಎಂದು ಯಾರಾದರೂ ನಗಾಡಿದರೆ ನನಗೆ ಅಲ್ಲಿ ಕೂಡಲು ಆಗುವುದಿಲ್ಲ, ಎದ್ದು ಬರುತ್ತೇನೆ. ವಾದಿಸುವಷ್ಟು ವಿದ್ಯೆ ನನ್ನಲ್ಲಿಲ್ಲ. ನಾನು ಕಂಡದ್ದನ್ನು ಮಾತ್ರ ಹೇಳಬಲ್ಲೆ. ಅದರಲ್ಲಿ ಕೊನೆಯದು ನಾನು ಕಂಡದ್ದೂ ಅಲ್ಲ, ಅಪ್ಪ ಹೇಳಿದ್ದು.

ಅಕ್ಕೋರು ಹೋಗಿ ಬಹಳ ದಿನಗಳಾದ ಮೇಲೆ ದೊಡ್ಡಪ್ಪನಿಗೂ ಬಾಜು ಹೊಲದವನಿಗೂ ಬದುವಿನ ತಂಟೆ ಬಂದು ಕೋರ್ಟಿನ ತನಕ ಹೋಯಿತು. ಸಾಕ್ಷಿಕಟ್ಟೆಯಲ್ಲಿ ನಿಂತ ದೊಡ್ಡಪ್ಪನಿಗೆ ದೇವರ ಮೇಲೆ ಪ್ರಮಾಣ ಮಾಡಿ ಎಂದರಂತೆ. ಅವನು, "ನಾ ಆಣಿ ಮಾಡೂದ ಬಿಟ್ಟೀನ್ರೀ. ಹೌದ ಇದ್ರ ಹೌದ ಅಂತೀನಿ, ಅಲ್ಲ ಇದ್ರ ಅಲ್ಲ ಅಂತೀನಿ" ಎಂದನಂತೆ. ಎದುರು ಪಾರ್ಟಿಯ ವಕೀಲರು ನಕ್ಕು, ನೀವು ಕಿರಸ್ತಾನರೇನು ಎಂದು ಕೇಳಿದರಂತೆ. "ಅಲ್ರೀ, ಲಿಂಗವಂತ. ನಮ್ಮ ಮನ್ಯಾಗ ಒಬ್ಬ ಅಕ್ಕೋರು ಇದ್ರು." ಜಡ್ಜ್ ಸಾಹೇಬರು ಅಡ್ಡಿಯಿಲ್ಲ, ಹಾಗೇ ಬರೆದುಕೊಳ್ಳಿ ಎಂದರು. ಆಗ ವಕೀಲರು, ಬದು ನೀವು ಸರಿಸಿದ್ದು ಹೌದೋ ಅಲ್ಲವೋ ಎಂದು ಕೇಳಿದರು. ದೊಡ್ಡಪ್ಪ ಹಿಂದೆ ಕೂತಿದ್ದ ಅಪ್ಪನ ಮುಖವನ್ನೊಮ್ಮೆ ನೋಡಿದ. ಆಮೇಲೆ ಟವೆಲ್ಲಿನಿಂದ ಬೆವರು ಒರೆಸಿಕೊಂಡು, "ಹೌದ್ರಿ" ಎಂದನಂತೆ.