ಭಾರತಿ ಅಕ್ಕನನ್ನು ಸುಮ್ಮನೆ ಕೂರಿಸಿದ ನಾವು

ಭಾರತಿ ಅಕ್ಕ ಇಲ್ಲವಂತೆ...
ಬೆಳಿಗ್ಗೆ ಅವಳ ಅಣ್ಣ ಫೋನ್ ಮಾಡಿ ಹೇಳಿದರೂ, ಇನ್ನೂ ನಂಬಲಾಗುತ್ತಿಲ್ಲ.

ತನಗೆ ಎಚ್‌ಐವಿ ಇದೆ ಎಂದು ಚಿಕ್ಕೋಡಿಯ ಸಭೆಗಳಲ್ಲಿ ಮೈಕ್ ಹಿಡಿದು ತಾನೇ ಹೇಳುತ್ತಿದ್ದವಳು...
ಗುಟ್ಟು ರಟ್ಟು ಮಾಡಿದೆ ಎಂದು ದಯವಿಟ್ಟು ಯಾರೂ ಕಾಮೆಂಟ್ ಹಾಕಬೇಡಿ.

ನಾನು ಅವಳ ಕೌನ್ಸೆಲರ್.
ನನಗೆ ಗೊತ್ತಿದ್ದಂತೆ ಒಂದು ದಿನವೂ ಗುಳಿಗೆ ತಪ್ಪಿಸಿದವಳಲ್ಲ. ರಿಪೋರ್ಟೆಲ್ಲ ಚೆನ್ನಾಗಿಯೇ ಇತ್ತು.

ಗಂಡ ತೀರಿದ ಮೇಲೆ ಕರೋಶಿಯಲ್ಲಿ ಅಣ್ಣನ ಮನೆ ಸೇರಿದ್ದಳು. ತುಂಬಿದ ಮನೆ. ಅಷ್ಟೂ ಜನರಿಗೆ ರೊಟ್ಟಿ ಬಡಿಯುತ್ತಿದ್ದವಳು ಅವಳೇ.
ಒಂದು ಸಭೆಯ ವಿಡಿಯೋ ಊರಿನ ವಾಟ್ಸಾಪ್ ಗ್ರೂಪಿಗೆ ಬಂತು...
ಮರುದಿನವೇ ವೈನಿ, ಅಣ್ಣನ ಹೆಂಡತಿ, ಹಿಟ್ಟು ನಾದುವ ಪರಾತ ತನ್ನತ್ತ ಎಳೆದುಕೊಂಡಳು.
ಬೈಯಲಿಲ್ಲ. ಹೊರಗೆ ಹಾಕಲಿಲ್ಲ.
"ನೀ ದಣದೀ, ಆರಾಮ ಕುಂದ್ರು" ಎಂದಳು, ಅಷ್ಟೆ.

ಆಮೇಲೆ ಎಮ್ಮೆ ಹಿಂಡುವುದು ಬೇಡ.
ಮಕ್ಕಳ ತಲೆ ಬಾಚುವುದು ಬೇಡ.
ನೀರಿನ ಕೊಡ ಮುಟ್ಟುವುದೂ ಬೇಡ...

ನಾನು ಹೋಮ್ ವಿಸಿಟ್‌ಗೆ ಹೋದಾಗ ಪಡಸಾಲೆಯ ಕಾಟಿನ ಮೇಲೆ ಕೂತಿದ್ದಳು. ಅಣ್ಣ ಹೆಮ್ಮೆಯಿಂದ ಹೇಳಿದ, "ಅಕಿಗೆ ಒಂದ ಕಡ್ಡಿ ಎತ್ತಾಕ ಬಿಡೂದಿಲ್ರಿ."
ನಾನೆಂಥ ಜಾಣೆ ನೋಡಿ... ಫೈಲಿನಲ್ಲಿ ಬರೆದೆ, ಮನೆಯವರ ಸಹಕಾರ ಉತ್ತಮ.
ಸಿಟ್ಟು ಬರುತ್ತಿದೆ. ಅವರ ಮೇಲೆ, ಆ ಹಾಳು ಫೈಲಿನ ಮೇಲೆ, ಎಲ್ಲಕ್ಕಿಂತ ಹೆಚ್ಚು ನನ್ನ ಮೇಲೆ.

ಅಕ್ಕಾ...
ನೀನು ಸಭೆಗೆ ಬರುವುದು ಬಿಟ್ಟೆ. ನಗುವುದು ಬಿಟ್ಟೆ.
ನಿದ್ದೆ ಹತ್ತುವುದಿಲ್ಲ, ಊಟ ಸೇರುವುದಿಲ್ಲ ಎಂದೆ.
ನಾನು ಗುಳಿಗೆ ಡಬ್ಬಿ ನೋಡಿ ಗುಡ್ ಎಂದೆ.
ಡಿಪ್ರೆಷನ್ ಬಗ್ಗೆ ಟ್ರೈನಿಂಗಿನಲ್ಲಿ ಗಂಟೆಗಟ್ಟಲೆ ಮಾತಾಡಿದವಳು ನಾನು. ಎದುರಿಗೇ ಕೂತಿತ್ತು, ಗುರುತು ಹಿಡಿಯಲಿಲ್ಲ.

ಕೊನೆಗೆ ಗುಳಿಗೆಯನ್ನೂ ಬಿಟ್ಟೆಯಂತೆ. ಯಾರಿಗೂ ಹೇಳಲಿಲ್ಲ.
ಜ್ವರ ಏರಿ ಮಿರಜಿನ ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ತಡವಾಗಿತ್ತಂತೆ...

ಕೊನೆಯ ಸಲ ಬಂದಾಗ ನೀನು ಕೇಳಿದ್ದು ಬೆಳಿಗ್ಗೆಯಿಂದ ಕಿವಿಯಲ್ಲೇ ಇದೆ.
"ಮೇಡಂ, ಐತವಾರ ನಿಮ್ಮನಿಗೆ ಬಂದು ನಾಕ ರೊಟ್ಟಿ ಬಡದ ಕೊಡ್ಲೇನ್ರಿ?"
ನಾನು ನಕ್ಕುಬಿಟ್ಟೆ.
"ಯಾಕ ತ್ರಾಸ ತಗೋತಿ ಅಕ್ಕಾ... ಆರಾಮ ಇರು."

ನಾನೂ ಅದನ್ನೇ ಹೇಳಿದೆ.

ಎಲ್ಲರೂ ಚಿರವಿಶ್ರಾಂತಿ ಎಂದು ಬರೆಯುತ್ತಿದ್ದಾರೆ. ನನಗೆ ಆ ಮಾತು ಬರೆಯಲು ಕೈ ಬರುತ್ತಿಲ್ಲ.
ಹೋಗಿ ಬಾ ಅಕ್ಕಾ...
ಹೋದಲ್ಲಿ ನಿನಗೆ ಕೈತುಂಬ ಕೆಲಸ ಸಿಗಲಿ. ಶಾಂತಿ ಆಮೇಲೆ ತಾನಾಗಿ ಬರಲಿ.