ಹೈದರಸಾಬನ ಕ್ಲಾರಿನೆಟ್ಟೂ ನೀರಿನ ಗುಳಿಗೆಯೂ

ಅಳವಂಡಿಯ ಹೈದರಸಾಬ ಮದುವೆ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುತ್ತಿದ್ದ. ಉಸಿರೆಂದರೆ ಅವನದು. ಒಂದು ಸ್ವರ ಹಿಡಿದನೆಂದರೆ, ಕೊಪ್ಪಳಕ್ಕೆ ಹೊರಟ ಬಸ್ಸು ಹೋಗಿ, ಡ್ರೈವರ ಚಹಾ ಕುಡಿದು, ತಿರುಗಿ ಬಂದರೂ ಆ ಸ್ವರ ಅಲ್ಲೇ ನಿಂತಿರುತ್ತಿತ್ತು. ಪಕ್ಕದಲ್ಲಿ ಡ್ರಮ್ ಬಡಿಯುತ್ತಿದ್ದವನು ನಾನೇ. ಸುಳ್ಳು ಹೇಳಿ ನನಗೇನಾಗಬೇಕು?

2003ರಲ್ಲಿ ಆ ಉಸಿರಿಗೇ ಕುತ್ತು ಬಂತು. ನಡೆದರೆ ತೇಕು, ಸಂಜೆಯಾದರೆ ಕಾಲು ಬಾವು. ಕೊಪ್ಪಳದ ಡಾಕ್ಟರಮ್ಮ ಅಮೃತಾ ಅವರು ಪರೀಕ್ಷೆ ಮಾಡಿ, ಹೃದಯದ ಬಲ ಕಡಿಮೆಯಾಗಿ ಮೈಯಲ್ಲಿ ನೀರು ನಿಂತಿದೆ ಎಂದರು. ಬಿಪಿಗೊಂದು ಗುಳಿಗೆ, ನೀರು ಇಳಿಸಲಿಕ್ಕೊಂದು. “ನೀರಿನ ಗುಳಿಗಿ ದಿನಾ ಮುಂಜಾನೆ ತಗೋರಿ” ಅಂದರು.

ನೋಡಲು ಜೋಳದ ಕಾಳಿನಷ್ಟು. ನುಂಗಿದರೆ ಮುನಿರಾಬಾದಿನ ಡ್ಯಾಮಿನ ಗೇಟನ್ನೆಲ್ಲ ಒಮ್ಮೆಗೇ ಎತ್ತಿದ ಹಾಗೆ. ಹೈದರಸಾಬ ಹಿತ್ತಲಿಗೆ ಓಡಾಡಿದ ಜಾಗದಲ್ಲಿ ಈಗಲೂ ಒಂದು ಬಂಡಿ ಹೋಗುವಷ್ಟು ದಾರಿ ಇದೆ. ಆದರೆ ಬಾವು ಇಳಿಯಿತು, ಉಸಿರು ಮರಳಿತು. ಆಗಲೇ ಮೊಮ್ಮಗಳು ಮೆಹಜಬೀನಳ ಮದುವೆ ಗೊತ್ತಾಯಿತು. ನಿನ್ನ ಗಂಡನ ಮೆರವಣಿಗೆಗೆ ನಾನೇ ಊದುತ್ತೇನೆ ಎಂದು ಅವಳು ಸಣ್ಣವಳಿದ್ದಾಗಲೇ ಮಾತು ಕೊಟ್ಟಿದ್ದ.

ಅಷ್ಟರಲ್ಲಿ ಲಗ್ನದ ಸುಗ್ಗಿ ಬಂತು. ಮುಂಜಾನೆ ಗುಳಿಗೆ ನುಂಗಿ ಮೆರವಣಿಗೆಗೆ ಹೋದರೆ ನಡುಬೀದಿಯಲ್ಲಿ ಗತಿಯೇನು? ಊದುವ ದಿನ ಗುಳಿಗೆ ಬಿಟ್ಟ. ಮತ್ತೆ ಕಾಲು ಬಾತವು. ಯಲಬುರ್ಗಾದ ಒಂದು ಮದುವೆಯಲ್ಲಿ ಹಾಡಿನ ನಡುವೆಯೇ ಉಸಿರು ಸಾಲದೆ ಕಟ್ಟೆಯ ಮೇಲೆ ಕುಳಿತುಬಿಟ್ಟ. ನಾನೊಬ್ಬನೇ ಡ್ರಮ್ ಬಡಿದೆ. ಜನ ಅದನ್ನೂ ಹೊಸ ಫ್ಯಾಷನ್ ಎಂದುಕೊಂಡು ಕುಣಿದರು.

ಬ್ಯಾಂಡಿನ ಮಾಲಕ ಹೇಮಪ್ಪ ಹೇಳಿದ, “ಸಾಬರ, ನಿಮ್ಮ ಮೊಮ್ಮಗಳ ಮದುವಿಗೆ ಗಂಗಾವತಿಯಿಂದ ಬ್ಯಾರೆಯವರನ್ನ ಕರಸ್ತೀನ್ರಿ. ನೀವು ಕುರ್ಚಿ ಮ್ಯಾಲೆ ಆರಾಮ ಕುಂದರ್ರಿ.”

ಆ ದಿನ ಹೈದರಸಾಬ ಮದುವೆ ಊಟದಲ್ಲಿ ಎರಡನೇ ಸಲ ಬಡಿಸಲು ಬಂದ ಬೂಂದಿ ಬೇಡವೆಂದ. ದುಃಖ ಎಷ್ಟಿತ್ತೆಂದು ನೀವೇ ತಿಳಿಯಿರಿ.

ಹೆಂಡತಿ ರಾಜಾಬೀ ಅವನನ್ನು ಎಳೆದುಕೊಂಡು ಕೊಪ್ಪಳಕ್ಕೆ ಹೊರಟಳು. ಜೊತೆಗೆ ನಾನೂ.

“ಗುಳಿಗಿ ತಗೋತೀರೇನ್ರಿ?” ಡಾಕ್ಟರು ಕೇಳಿದರು.

“ಊದೋದಿಲ್ಲದ ದಿನ ತಪ್ಪಸಂಗಿಲ್ರಿ.”

“ಅಂಥಾ ದಿನ ಯಾವಾಗ ಬಂದಿತ್ತು ಕೇಳ್ರಿ ಅವರನ್ನ” ಎಂದಳು ರಾಜಾಬೀ.

“ಮಧ್ಯಾಹ್ನ ಮನಿಗೆ ಬಂದ ಮ್ಯಾಲೆ ತಗೋಬೇಕಿತ್ತಲ್ರಿ?” ಎಂದರು ಡಾಕ್ಟರು.

ಹೈದರಸಾಬ ಬೆರಗಾದ. “ಹೊತ್ತು ಮೀರಿರತೈತಲ್ರಿ. ನಸುಕಿನ ಸಹರಿ ಊಟ ತಪ್ಪಿಸಿಕೊಂಡು, ಬಿಸಿಲೇರಿದ ಮ್ಯಾಲೆ ಉಂಡ್ರ ರೋಜಾ ಉಪವಾಸ ಆಗತೈತೇನ್ರಿ?”

ಡಾಕ್ಟರು ನಕ್ಕು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. “ಅಜ್ಜಾರ, ಇದು ರೋಜಾ ಅಲ್ರಿ, ಗುಳಿಗಿ. ಮೆರವಣಿಗಿ ಇದ್ದ ದಿನ ಮಧ್ಯಾಹ್ನ ತಗೋರಿ. ರಾತ್ರಿಗೆ ಒಯ್ಯಬ್ಯಾಡ್ರಿ, ನಿದ್ದಿ ಕೆಡತೈತಿ. ಬಿಡೂದಂತೂ ಬ್ಯಾಡ.”

“ಹೊತ್ತು ಮೀರಿದ್ರೂ ನಡೀತೈತ್ರಿ?”

“ನಡೀತೈತ್ರಿ.”

“ಇಷ್ಟು ಕೇಳಾಕ ನಾಚಿಗಿ ಇವರಿಗೆ” ಎಂದಳು ರಾಜಾಬೀ. “ಊರ ಮುಂದ ಗಲ್ಲ ಕುಂಬಳಕಾಯಿ ಮಾಡ್ಕೊಂಡು ಊದಾಕ ನಾಚಿಗಿಲ್ಲ.”

ಮದುವೆಯ ಹೊತ್ತಿಗೆ ಹೈದರಸಾಬನ ಕಾಲು ಚಪ್ಪಲಿಗೆ ಮತ್ತೆ ಹೊಂದಿದವು. ಕುಷ್ಟಗಿಯಿಂದ ವರ ಬಂದ. ಹೆಣ್ಣಿನ ಕಡೆಯ ಹಿರಿಯ ಶಾಮಿಯಾನದ ಬಾಗಿಲಲ್ಲಿ ಅತ್ತರು ಹಿಡಿದು ನಿಲ್ಲಬೇಕು. ನಮ್ಮವನು ಗಂಡಿನ ಕುದುರೆಯ ಮುಂದೆ ಕ್ಲಾರಿನೆಟ್ ಹಿಡಿದಿದ್ದ. ಮೊದಲ ಸ್ವರಕ್ಕೇ ಅಳವಂಡಿಯ ಎಮ್ಮೆಗಳೆಲ್ಲ ಮೇವು ಬಿಟ್ಟು ತಲೆ ಎತ್ತಿದವು. ಹೇಮಪ್ಪ ಮುಂದೆ ಬಂದು ತಾನೇ ತಾಳ ಹಾಕಿದ. ಮನೆ ಹತ್ತಿರವೇ ಇದ್ದರೂ ಹೈದರಸಾಬ ಮಸೀದಿ, ಬಸ್‌ಸ್ಟ್ಯಾಂಡ್, ಶಾಲೆ ಎಲ್ಲ ಸುತ್ತಿಸಿ, ಮತ್ತೊಂದು ಸುತ್ತಿಗೆ ತಿರುಗಿದ. ಕುದುರೆ ಹೂಂ ಅಂದರೂ ವರನಿಗೆ ಸಾಕಾಯಿತು. ಮುಖದ ಮೇಲೆ ಇಳಿಬಿಟ್ಟ ಹೂವಿನ ಸೆಹರಾ ಸರಿಸಿ, ಬಗ್ಗಿ ಹೇಳಿದ:

“ದಾದಾ, ನಿಕಾಹದ ಹೊತ್ತು ಮೀರಾಕ ಹತ್ತೈತ್ರಿ.”

ಹೈದರಸಾಬ ಕ್ಲಾರಿನೆಟ್ಟನ್ನು ತುಟಿಯಿಂದ ಒಂದಿಷ್ಟೇ ದೂರ ಹಿಡಿದ.

“ಮೀರಿದ್ರೂ ನಡೀತೈತಿ ಬೇಟಾ. ಕೊಪ್ಪಳದ ಡಾಕ್ಟರಮ್ಮನ್ನ ಕೇಳೀನಿ.”